ಭಾರತದಲ್ಲಿ ಮರಣದಂಡನೆಯ ವಿಧಾನ: ಕಾನೂನು ಚರ್ಚೆಯ ಇತಿಹಾಸ – ಒಂದು ಅವಲೋಕನ

ಮರಣದಂಡನೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿವೆ. ಅಂತಹ ದಂಡನೆ ನಾಗರಿಕ ಸಮಾಜದಲ್ಲಿ ಇರಬೇಕೆ, ಬೇಡವೆ ಎಂಬುದು ಆ ಪ್ರಶ್ನೆ. ದಂಡನೆಯನ್ನು ಯಾವ ವಿಧಾನದಿಂದ ಜಾರಿಗೊಳಿಸಬೇಕು ಎಂಬುದು ಅದರ ಉಪಾಂಗವೆಂದೂ ಕಾರಾಗೃಹದ ಆಡಳಿತಕ್ಕೆ ಸೇರಿದ ವಿಷಯವೆಂದೂ ತಿಳಿಯುವುದು ರೂಢಿ. ಆದರೆ ಭಾರತದ ಕಾನೂನಿನ ಇತಿಹಾಸವನ್ನು ಗಮನಿಸಿದಾಗ ವಿಧಾನದ ಪ್ರಶ್ನೆಯು ಅಷ್ಟು ಗೌಣವಾದುದಲ್ಲವೆಂಬುದು ಸ್ಪಷ್ಟವಾಗುತ್ತದೆ. ಪ್ರಭುತ್ವವು ತಾನು ಕೊಲ್ಲುವ ವ್ಯಕ್ತಿಗೆ ಎಷ್ಟು ನೋವು ಕೊಡಬಹುದು, ಆ ನೋವನ್ನು ಅಳೆಯುವವರು ಯಾರು, ಅಳತೆಗೆ ಆಧಾರವೇನು ಎಂಬ ಪ್ರಶ್ನೆಗಳು ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ರೂಪದಲ್ಲಿ ಎದ್ದಿವೆ. 1983ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೇಣಿನ ವಿಧಾನವನ್ನು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ನಾಲ್ಕು ದಶಕಗಳ ನಂತರ, 2023ರಲ್ಲಿ, ಅದೇ ನ್ಯಾಯಾಲಯವು ನೇಣಿನಿಂದಾಗುವ ನೋವಿನ ಬಗ್ಗೆ ವೈಜ್ಞಾನಿಕ ಮಾಹಿತಿಯನ್ನು ಒದಗಿಸುವಂತೆ ಕೇಂದ್ರ ಸರ್ಕಾರವನ್ನು ಕೇಳಿತು. ಈ ಎರಡು ಘಟನೆಗಳ ನಡುವಿನ ಅಂತರವನ್ನೂ ಅದರ ಹಿಂದಿನ ಪರಂಪರೆಯನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಾಚೀನ ಮತ್ತು ಮಧ್ಯಕಾಲೀನ ಹಿನ್ನೆಲೆ

ವಧೆಯ ವಿಧಾನಗಳನ್ನು ವರ್ಗೀಕರಿಸಿ ಚರ್ಚಿಸಿದ ಪ್ರಾಚೀನ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಮುಖ್ಯವಾದುದು. ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಯವರು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಗ್ರಂಥದ ನಾಲ್ಕನೆಯ ಅಧಿಕರಣದ ಹನ್ನೊಂದನೆಯ ಅಧ್ಯಾಯವು ದಂಡನೆಯನ್ನು ‘ಶುದ್ಧ’ ಮತ್ತು ‘ಚಿತ್ರ’ ಎಂದು ಎರಡಾಗಿ ವಿಂಗಡಿಸುತ್ತದೆ. ಯಾತನೆಯಿಲ್ಲದೆ ಪ್ರಾಣವನ್ನು ತೆಗೆಯುವುದು ಶುದ್ಧವಧೆ. ಯಾತನೆಯೊಡನೆ ಕೊಲ್ಲುವುದು ಚಿತ್ರವಧೆ. ಅಪರಾಧಕ್ಕೂ ವಧೆಯ ಬಗೆಗೂ ಅಲ್ಲಿ ನೇರ ಸಂಬಂಧವಿದೆ. ನೀರು ತುಂಬಿದ ಕಟ್ಟೆಯನ್ನು ಒಡೆದವನನ್ನು ಅಲ್ಲಿಯೇ ಮುಳುಗಿಸಿ ಕೊಲ್ಲಬೇಕು. ಬೆಂಕಿಯಿಟ್ಟವನನ್ನು ಬೆಂಕಿಯಿಂದಲೇ ಕೊಲ್ಲಬೇಕು. ಆದರೆ ಅಧ್ಯಾಯದ ಕೊನೆಯಲ್ಲಿ ಕೌಟಿಲ್ಯನು ಒಂದು ಮಿತಿಯನ್ನು ಹಾಕುತ್ತಾನೆ. ಯಾತನೆಯ ದಂಡನೆಗಳು ಹಿಂದಿನ ಶಾಸ್ತ್ರಕಾರರು ಹೇಳಿದವು. ಕ್ರೌರ್ಯವಿಲ್ಲದ ಅಪರಾಧಗಳಿಗೆ ಶುದ್ಧವಧೆಯೇ ಧರ್ಮಸಮ್ಮತ ಎಂಬುದು ಅವನ ನಿಲುವು. ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಚಿತ್ರವಧೆ’, ‘ಚಿತ್ರಹಿಂಸೆ’ ಎಂಬ ಮಾತುಗಳಲ್ಲಿ ಇದೇ ‘ಚಿತ್ರ’ ಶಬ್ದ ಉಳಿದುಬಂದಿದೆ.

ಮೌರ್ಯ ಕಾಲದ ಇನ್ನೊಂದು ಸಾಕ್ಷ್ಯವು ಶಾಸನರೂಪದ್ದು. ಅಶೋಕನು ತನ್ನ ನಾಲ್ಕನೆಯ ಸ್ತಂಭಶಾಸನದಲ್ಲಿ, ಮರಣದಂಡನೆಗೆ ಗುರಿಯಾಗಿ ಬಂಧನದಲ್ಲಿರುವವರಿಗೆ ಮೂರು ದಿನಗಳ ಅವಕಾಶವನ್ನು ನೀಡಿರುವುದಾಗಿ ಹೇಳಿಕೊಂಡಿದ್ದಾನೆ. ಆ ಅವಧಿಯಲ್ಲಿ ಬಂಧುಗಳು ಪ್ರಾಣಭಿಕ್ಷೆಗಾಗಿ ಬೇಡಿಕೊಳ್ಳಬಹುದು. ಅದು ಫಲಿಸದಿದ್ದಲ್ಲಿ ಬಂದಿಯು ದಾನ, ಉಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಪ್ರತ್ಯೇಕ ಶಾಸನಗಳಲ್ಲಿ ಮೊದಲನೆಯದು ಅಕಾರಣ ಬಂಧನ ಮತ್ತು ಹಿಂಸೆಯಿಂದ ದೂರವಿರುವಂತೆ ನ್ಯಾಯಾಧಿಕಾರಿಗಳಿಗೆ ನೀಡಿದ ಎಚ್ಚರಿಕೆಯನ್ನು ಒಳಗೊಂಡಿದೆ. ಅಶೋಕನು ಮರಣದಂಡನೆಯನ್ನು ರದ್ದುಗೊಳಿಸಲಿಲ್ಲ. ಆದರೆ ತೀರ್ಪಿಗೂ ವಧೆಗೂ ನಡುವಿನ ಕಾಲವು ಪ್ರಭುತ್ವದ ಹೊಣೆಗೆ ಸೇರಿದುದೆಂಬ ಅರಿವನ್ನು ಅವನ ಶಾಸನದಲ್ಲಿ ಕಾಣಬಹುದು. ಈ ಅಂಶವು ಇಪ್ಪತ್ತೊಂದನೆಯ ಶತಮಾನದ ತೀರ್ಪುಗಳಲ್ಲಿ ಮತ್ತೆ ಪ್ರಧಾನವಾಗುವುದನ್ನು ಮುಂದೆ ನೋಡಬಹುದಾಗಿದೆ.

ಮಧ್ಯಕಾಲೀನ ಕರ್ನಾಟಕದಲ್ಲಿ ವಧೆಯು ಬಹುಮಟ್ಟಿಗೆ ಸಾರ್ವಜನಿಕ ಪ್ರದರ್ಶನವಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಮಧುವರಸರಿಗೆ ‘ಎಳೆಹೂಟೆ’ಯ ಶಿಕ್ಷೆ ವಿಧಿಸಲಾಯಿತೆಂದು ಶರಣ ಸಾಹಿತ್ಯದ ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸುವ ಈ ಶಿಕ್ಷೆಯಲ್ಲಿ ಸಾವಿನಷ್ಟೇ ನೋಟವೂ ಮುಖ್ಯ. ವಿಜಯನಗರಕ್ಕೆ 1443ರಲ್ಲಿ ಬಂದ ಅಬ್ದುರ್ ರಜಾಕನು ಅಪರಾಧಿಗಳನ್ನು ಆನೆಗಳಿಂದ ತುಳಿಸುವ ಪದ್ಧತಿಯನ್ನು ಉಲ್ಲೇಖಿಸಿದ್ದಾನೆ. ಹದಿನಾರನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜನ ಪ್ರಕಾರ ರಾಜದ್ರೋಹ ಎಸಗಿದ ಕುಲೀನರನ್ನು ಶೂಲಕ್ಕೇರಿಸಲಾಗುತ್ತಿತ್ತು. ಕೆಳವರ್ಗದವರ ತಲೆಯನ್ನು ಪೇಟೆಯಲ್ಲಿ ಕಡಿಯಲಾಗುತ್ತಿತ್ತು. ಅಪರಾಧಿಯ ಸ್ಥಾನಮಾನಕ್ಕೆ ತಕ್ಕಂತೆ ವಧೆಯ ಬಗೆಯೂ ಬದಲಾಗುತ್ತಿದ್ದುದು ಇಲ್ಲಿ ಗಮನಾರ್ಹ. ಯುರೋಪಿನಲ್ಲಿಯೂ ಇಂತಹ ತಾರತಮ್ಯವಿತ್ತು. ಎಲ್ಲ ಅಪರಾಧಿಗಳಿಗೂ ಒಂದೇ ಬಗೆಯ ಸಾವು ಎಂಬ ತತ್ತ್ವವನ್ನು ಫ್ರಾನ್ಸಿನ ಸಭೆಯಲ್ಲಿ ಗಿಯೊಟಿನ್ ಎಂಬ ವೈದ್ಯನು 1789ರಲ್ಲಿ ಮಂಡಿಸಿದನು. 1792ರ ಏಪ್ರಿಲ್ 25ರಂದು ಮೊದಲ ಬಾರಿಗೆ ಬಳಕೆಗೆ ಬಂದ ಶಿರಚ್ಛೇದ ಯಂತ್ರಕ್ಕೆ ಅವನ ಹೆಸರೇ ನಿಂತಿತು. ಸಾವಿನಲ್ಲಿ ಸಮಾನತೆ ಮತ್ತು ನೋವಿನಲ್ಲಿ ಮಿತವ್ಯಯ ಎಂಬ ಎರಡು ವಿಚಾರಗಳು ಅಲ್ಲಿಂದ ಮುಂದೆ ಆಧುನಿಕ ಕಾನೂನಿನ ಭಾಷೆಯನ್ನು ಪ್ರವೇಶಿಸಿದವು.

ವಸಾಹತು ಕಾಲ ಮತ್ತು ನೇಣಿನ ಏಕರೂಪತೆ

ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ತನ್ನ ದಂಡನೀತಿಯನ್ನು ದೇಶೀಯ ಅರಸರ ನೀತಿಗಿಂತ ಮಾನವೀಯವಾದುದೆಂದು ಬಣ್ಣಿಸಿಕೊಳ್ಳುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಬಂಗಾಳದಲ್ಲಿ ಅಂಗಚ್ಛೇದದ ಶಿಕ್ಷೆಯನ್ನು ಕೈಬಿಟ್ಟದ್ದು ಇದಕ್ಕೊಂದು ನಿದರ್ಶನ. ಆದರೆ ಅಧಿಕಾರಕ್ಕೆ ಅಪಾಯ ಒದಗಿದಾಗ ಈ ಮಾನವೀಯತೆಯ ಮಿತಿ ಬಯಲಾಯಿತು. 1857ರ ಜೂನ್ ತಿಂಗಳಲ್ಲಿ ಪೇಶಾವರದಲ್ಲಿ 40 ಸಿಪಾಯಿಗಳನ್ನು ಸೇನೆಯ ಕಣ್ಣೆದುರೇ ಫಿರಂಗಿಗಳ ಬಾಯಿಗೆ ಕಟ್ಟಿ ಉಡಾಯಿಸಲಾಯಿತು. ದೇಹವನ್ನೇ ಛಿದ್ರಗೊಳಿಸುವ ಈ ವಿಧಾನವು ಅಂತ್ಯಸಂಸ್ಕಾರದ ಅವಕಾಶವನ್ನೂ ಕಸಿದುಕೊಳ್ಳುತ್ತಿತ್ತು.

ಕರ್ನಾಟಕದ ಪ್ರತಿರೋಧದ ಇತಿಹಾಸದಲ್ಲಿ ನೇಣು ಪದೇ ಪದೇ ಕಾಣಿಸಿಕೊಳ್ಳುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ನರಗುಂದದ ಬಾಬಾಸಾಹೇಬನನ್ನು 1858ರ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮೈಸೂರು ಸಂಸ್ಥಾನದಲ್ಲಿ, 1942ರ ಈಸೂರು ಪ್ರಕರಣದಲ್ಲಿ ಶಿಕ್ಷೆಗೊಳಗಾದ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕಾರಾಗೃಹದಲ್ಲಿ ನೇಣಿಗೆ ಹಾಕಲಾಯಿತು. ರಾಯಣ್ಣನ ಸಾವಿಗೂ ಈಸೂರಿನವರ ಸಾವಿಗೂ ನಡುವೆ ನೂರ ಹನ್ನೆರಡು ವರ್ಷಗಳ ಅಂತರವಿದೆ. ಈ ಅವಧಿಯಲ್ಲಿ ನೇಣು ಬಯಲಿನಿಂದ ಕಾರಾಗೃಹದ ಗೋಡೆಯೊಳಕ್ಕೆ ಸರಿಯಿತು. ಇಂಗ್ಲೆಂಡಿನಲ್ಲಿ ಸಾರ್ವಜನಿಕ ನೇಣನ್ನು 1868ರಲ್ಲಿ ನಿಲ್ಲಿಸಲಾಗಿತ್ತು. ಭಾರತದ ಆಡಳಿತವೂ ಅದೇ ದಿಕ್ಕಿನಲ್ಲಿ ನಡೆಯಿತು. ಆದರೂ ಜನಮನದಲ್ಲಿ ಗಲ್ಲಿನ ಸ್ಥಳಗಳು ಸ್ಮಾರಕಗಳಾದವು. ನಂದಗಡದ ಆಲದ ಮರ ಇಂದಿಗೂ ಪೂಜ್ಯವಾಗಿರುವುದು ಇದಕ್ಕೆ ಸಾಕ್ಷಿ.

1860ರ ಭಾರತೀಯ ದಂಡ ಸಂಹಿತೆಯು ಮರಣದಂಡನೆಯನ್ನು ಶಿಕ್ಷೆಗಳ ಪಟ್ಟಿಯಲ್ಲಿ ಸೇರಿಸಿತು. ವಿಧಾನವನ್ನು ಹೇಳಿದ್ದು ದಂಡ ಪ್ರಕ್ರಿಯಾ ಸಂಹಿತೆ. 1898ರ ಸಂಹಿತೆಯ 368(1)ನೆಯ ಕಲಮು, ಮರಣದಂಡನೆಗೆ ಗುರಿಯಾದವನನ್ನು ಸಾಯುವವರೆಗೆ ಕುತ್ತಿಗೆಗೆ ನೇಣು ಬಿಗಿದು ತೂಗುಹಾಕಬೇಕೆಂದು ನಿರ್ದೇಶಿಸಿತು. ಈ ವಾಕ್ಯವೇ ಅಲ್ಪಸ್ವಲ್ಪ ವ್ಯತ್ಯಾಸದೊಡನೆ 1973ರ ಸಂಹಿತೆಯ 354(5)ನೆಯ ಕಲಮಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 393(5)ನೆಯ ಕಲಮಾಗಿ ಮುಂದುವರಿಯಿತು. ವಸಾಹತು ಕಾಲದ ಸಂಹಿತೆಗಳನ್ನು ಬದಲಿಸುವ ಉದ್ದೇಶದಿಂದ ರೂಪಿತವಾದ ಹೊಸ ಸಂಹಿತೆಯಲ್ಲಿಯೂ ಈ ವಾಕ್ಯ ಮಾತ್ರ ಬದಲಾಗಲಿಲ್ಲ. 1950ರ ಭೂಸೇನಾ ಕಾಯಿದೆ ಮತ್ತು ವಾಯುಸೇನಾ ಕಾಯಿದೆಗಳು ನೇಣು ಅಥವಾ ಗುಂಡು ಎಂಬ ಎರಡು ವಿಧಾನಗಳಲ್ಲಿ ಒಂದನ್ನು ಆಯ್ಕೆ ಮಾಡುವ ಅಧಿಕಾರವನ್ನು ಸೇನಾ ನ್ಯಾಯಾಲಯಕ್ಕೆ ನೀಡಿವೆ. ನಾಗರಿಕ ನ್ಯಾಯಾಲಯಕ್ಕೆ ಅಂತಹ ಆಯ್ಕೆಯಿಲ್ಲ.

ನೇಣಿನ ಲೆಕ್ಕಾಚಾರ

ಕಾನೂನಿನ ವಾಕ್ಯ ಬದಲಾಗದಿದ್ದರೂ ನೇಣಿನ ಕ್ರಮ ಬದಲಾಗಿತ್ತು. ಹಳೆಯ ಪದ್ಧತಿಯಲ್ಲಿ ದೇಹವು ಬೀಳುತ್ತಿದ್ದ ಅಂತರ ಅತ್ಯಲ್ಪ. ಸಾವು ಉಸಿರುಗಟ್ಟುವಿಕೆಯಿಂದ ನಿಧಾನವಾಗಿ ಬರುತ್ತಿತ್ತು. 1866ರಲ್ಲಿ ಐರ್ಲೆಂಡಿನ ವಿದ್ವಾಂಸ ಸ್ಯಾಮ್ಯುಯೆಲ್ ಹಾಟನ್‌ನು ನೇಣನ್ನು ಯಂತ್ರಶಾಸ್ತ್ರ ಮತ್ತು ಶರೀರಕ್ರಿಯಾಶಾಸ್ತ್ರಗಳ ದೃಷ್ಟಿಯಿಂದ ವಿವೇಚಿಸಿ ಲೇಖನವೊಂದನ್ನು ಪ್ರಕಟಿಸಿದನು. ದೇಹದ ತೂಕಕ್ಕೆ ತಕ್ಕಷ್ಟು ಅಂತರದಿಂದ ಬೀಳಿಸಿದರೆ ಕತ್ತಿನ ಮೂಳೆ ಮುರಿದು ತಕ್ಷಣ ಪ್ರಜ್ಞೆ ತಪ್ಪುತ್ತದೆಂಬುದು ಈ ವಾದದ ತಿರುಳು. 1872ರಿಂದ ವಿಲಿಯಂ ಮಾರ್ವುಡ್ ಎಂಬವನು ಇಂಗ್ಲೆಂಡಿನಲ್ಲಿ ಇದನ್ನು ಬಳಕೆಗೆ ತಂದನು. 1888ರಲ್ಲಿ ವರದಿ ನೀಡಿದ ಅಬರ್ಡೇರ್ ಸಮಿತಿಯು ತೂಕ ಮತ್ತು ಅಂತರಗಳ ಕೋಷ್ಟಕವನ್ನು ಸಿದ್ಧಪಡಿಸಿತು. ಭಾರತದ ಕಾರಾಗೃಹ ಕೈಪಿಡಿಗಳಲ್ಲಿಯೂ ಇಂತಹ ಕೋಷ್ಟಕಗಳು ಸೇರಿಕೊಂಡವು. ಹಗುರವಾದ ದೇಹಕ್ಕೆ ಹೆಚ್ಚು ಅಂತರ, ಭಾರವಾದ ದೇಹಕ್ಕೆ ಕಡಿಮೆ ಅಂತರ ಎಂಬುದು ಅವುಗಳ ಸೂತ್ರ. ಕೈದಿಯ ತೂಕದ ಒಂದೂವರೆ ಪಟ್ಟು ತೂಗುವ ಮರಳಿನ ಚೀಲದಿಂದ ಹಗ್ಗವನ್ನು ಮೊದಲೇ ಪರೀಕ್ಷಿಸಬೇಕೆಂಬ ನಿಯಮವೂ ಉಂಟು.

ಈ ಲೆಕ್ಕಾಚಾರಕ್ಕೆ ವೈದ್ಯಕೀಯ ಸಮರ್ಥನೆಯನ್ನು ಒದಗಿಸಿದವರಲ್ಲಿ ಫ್ರೆಡರಿಕ್ ವುಡ್ ಜೋನ್ಸ್ ಪ್ರಮುಖನು. 1913ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅವನ ಲೇಖನವು ನ್ಯಾಯಾಂಗದ ನೇಣಿನಿಂದ ಉಂಟಾಗಬೇಕಾದ ‘ಆದರ್ಶ’ ಗಾಯ ಯಾವುದೆಂಬುದನ್ನು ವಿವರಿಸಿತು. ಅವನು ಪರೀಕ್ಷಿಸಿದ ಕತ್ತಿನ ಮೂಳೆಗಳು ಆಗ ಬ್ರಿಟಿಷ್ ಭಾರತದ ಭಾಗವಾಗಿದ್ದ ರಂಗೂನಿನ ಕಾರಾಗೃಹದಿಂದ ಬಂದವು. ವಸಾಹತಿನ ಕೈದಿಗಳ ದೇಹಗಳಿಂದ ರೂಪುಗೊಂಡ ಈ ಆದರ್ಶವು ಮುಂದಿನ ಹಲವು ದಶಕಗಳ ಕಾಲ ನೇಣಿನ ಪರವಾದ ವಾದಗಳ ಹಿನ್ನೆಲೆಯಲ್ಲಿ ನಿಂತಿತು. ಆದರೆ ಇಂಗ್ಲೆಂಡಿನಲ್ಲಿ 1882ರಿಂದ 1945ರವರೆಗೆ ನೇಣಿಗೆ ಹಾಕಲಾದ 34 ಮಂದಿಯ ಅವಶೇಷಗಳನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಲಾದ ಅಧ್ಯಯನವು, ಕತ್ತಿನ ಮೂಳೆ ಮುರಿದಿದ್ದುದು ಅವರಲ್ಲಿ ಕೆಲವರಲ್ಲಿ ಮಾತ್ರ ಎಂಬುದನ್ನು ತೋರಿಸಿತು. ಕೋಷ್ಟಕವನ್ನು ಪಾಲಿಸಿದ ಮಾತ್ರಕ್ಕೆ ಕೋಷ್ಟಕ ಹೇಳಿದ ಸಾವು ಸಂಭವಿಸಿತೆಂದು ನಂಬುವಂತಿಲ್ಲ ಎಂಬುದು ಇದರಿಂದ ವೇದ್ಯವಾಗುತ್ತದೆ.

ಸಂವಿಧಾನದ ನಂತರದ ಚರ್ಚೆ

ಸ್ವಾತಂತ್ರ್ಯಾನಂತರ ಚರ್ಚೆಯು ಮೊದಲಿಗೆ ದಂಡನೆಯ ಅಸ್ತಿತ್ವವನ್ನೇ ಕುರಿತಾಗಿತ್ತು. ಸಂವಿಧಾನ ಸಭೆಯಲ್ಲಿ 1949ರ ಜೂನ್ 3ರಂದು ಮಾತನಾಡಿದ ಡಾ. ಬಿ. ಆರ್. ಅಂಬೇಡ್ಕರ್ ಅವರು ಮರಣದಂಡನೆಯ ರದ್ದತಿಯ ಪರವಾಗಿ ತಮ್ಮ ಒಲವನ್ನು ವ್ಯಕ್ತಪಡಿಸಿದರು. 1962ರಲ್ಲಿ ಲೋಕಸಭೆಯಲ್ಲಿ ನಡೆದ ಚರ್ಚೆಯ ಫಲವಾಗಿ ವಿಷಯವು ಕಾನೂನು ಆಯೋಗದ ಮುಂದೆ ಬಂತು. 1967ರಲ್ಲಿ ಸಿದ್ಧವಾದ ಆಯೋಗದ 35ನೆಯ ವರದಿಯು ದಂಡನೆಯನ್ನು ಉಳಿಸಿಕೊಳ್ಳಬೇಕೆಂದು ಹೇಳಿತು. ವಿಧಾನದಲ್ಲಿಯೂ ಬದಲಾವಣೆಯನ್ನು ಸೂಚಿಸಲಿಲ್ಲ. 1973ರ ಸಂಹಿತೆಯು ಮರಣದಂಡನೆ ವಿಧಿಸಲು ವಿಶೇಷ ಕಾರಣಗಳನ್ನು ನಮೂದಿಸಬೇಕೆಂಬ ನಿಯಮವನ್ನು ತಂದಿತು. 1980ರ ಮೇ 9ರಂದು ಬಚನ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠವು ದಂಡನೆಯನ್ನು ಬಹುಮತದಿಂದ ಎತ್ತಿಹಿಡಿದು, ಅದನ್ನು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಸೀಮಿತಗೊಳಿಸಿತು.

ಈ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು 1982ರ ಆಗಸ್ಟ್ 16ರಂದು ನೀಡಿದ ಭಿನ್ನಾಭಿಪ್ರಾಯದ ತೀರ್ಪು ವಿಧಾನದ ಚರ್ಚೆಗೆ ಹೊಸ ತಿರುವು ನೀಡಿತು. ಅವರು ಅಮೆರಿಕದ ಸ್ಯಾನ್ ಕ್ವೆಂಟಿನ್ ಕಾರಾಗೃಹದ ಮುಖ್ಯಾಧಿಕಾರಿಯಾಗಿದ್ದವನೊಬ್ಬನು ನೀಡಿದ ನೇಣಿನ ಪ್ರತ್ಯಕ್ಷ ವರ್ಣನೆಯನ್ನು ತಮ್ಮ ತೀರ್ಪಿನಲ್ಲಿ ಉಲ್ಲೇಖಿಸಿದರು. ಕಾನೂನು ಒಂದು ವಾಕ್ಯದಲ್ಲಿ ಹೇಳಿ ಮುಗಿಸುವ ಕ್ರಿಯೆಯು ದೇಹದ ಮೇಲೆ ಏನನ್ನು ಮಾಡುತ್ತದೆ ಎಂಬುದು ಆ ಮೂಲಕ ಸರ್ವೋಚ್ಚ ನ್ಯಾಯಾಲಯದ ದಾಖಲೆಯಲ್ಲಿ ಸೇರಿತು. ಆದರೆ ಆ ವರ್ಣನೆಯೂ ಪರದೇಶದ್ದೇ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ದೀನಾ ಪ್ರಕರಣ

1983ರ ಸೆಪ್ಟೆಂಬರ್ 23ರಂದು ತೀರ್ಮಾನವಾದ ದೀನಾ ವಿರುದ್ಧ ಭಾರತ ಒಕ್ಕೂಟ ಪ್ರಕರಣವು ನೇಣಿನ ವಿಧಾನವನ್ನೇ ನೇರವಾಗಿ ಪ್ರಶ್ನಿಸಿತು. 354(5)ನೆಯ ಕಲಮು ಕ್ರೂರವಾದ, ಅಮಾನವೀಯವಾದ ವಿಧಾನವನ್ನು ವಿಧಿಸುವುದರಿಂದ ಅದು ಸಂವಿಧಾನದ 21ನೆಯ ಅನುಚ್ಛೇದಕ್ಕೆ ವಿರುದ್ಧ ಎಂಬುದು ಅರ್ಜಿದಾರರ ವಾದ. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರ ಪೀಠವು ಇಲ್ಲಿ ಎರಡು ಮಹತ್ವದ ಮಾತುಗಳನ್ನು ಹೇಳಿತು. ಜೀವವನ್ನು ಕಸಿದುಕೊಳ್ಳುವ ಕ್ರಮವು ನ್ಯಾಯಯುತವೂ ಸಮಂಜಸವೂ ಆಗಿದೆಯೆಂದು ರುಜುವಾತುಪಡಿಸುವ ಹೊಣೆ ಅರ್ಜಿದಾರನದಲ್ಲ, ಪ್ರಭುತ್ವದ್ದು ಎಂಬುದು ಮೊದಲನೆಯದು. ಮರಣದಂಡನೆಯ ಜಾರಿಯು ನಾಲ್ಕು ಒರೆಗಲ್ಲುಗಳಲ್ಲಿ ಪಾಸಾಗಬೇಕೆಂಬುದು ಎರಡನೆಯದು. ಕ್ರಿಯೆಯು ಶೀಘ್ರವೂ ಸರಳವೂ ಆಗಿದ್ದು ಕೈದಿಯ ಭೀತಿಯನ್ನು ವೃಥಾ ಹೆಚ್ಚಿಸಬಾರದು, ತಕ್ಷಣ ಪ್ರಜ್ಞೆ ತಪ್ಪಿಸಿ ಬೇಗನೆ ಸಾವನ್ನು ತರಬೇಕು, ಸಭ್ಯವಾಗಿರಬೇಕು, ಅಂಗಭಂಗ ಮಾಡಬಾರದು. ಕೌಟಿಲ್ಯನು ‘ಶುದ್ಧ’ ಎಂಬ ಒಂದೇ ಶಬ್ದದಲ್ಲಿ ಹೇಳಿದ್ದನ್ನು ಆಧುನಿಕ ನ್ಯಾಯಾಲಯವು ನಾಲ್ಕು ಅಂಶಗಳಾಗಿ ಬಿಡಿಸಿತೆಂದರೆ ತಪ್ಪಾಗಲಾರದು.

ನೇಣು ಈ ನಾಲ್ಕೂ ಒರೆಗಲ್ಲುಗಳಲ್ಲಿ ಪಾಸಾಗುತ್ತದೆ ಮತ್ತು ಪ್ರಭುತ್ವವು ತನ್ನ ಹೊಣೆಯನ್ನು ನಿರ್ವಹಿಸಿದೆ ಎಂಬುದು ನ್ಯಾಯಾಲಯದ ತೀರ್ಮಾನ. ಅದಕ್ಕೆ ಆಧಾರವಾದ ಸಾಮಗ್ರಿಯಲ್ಲಿ ಬ್ರಿಟನ್ನಿನ ರಾಯಲ್ ಆಯೋಗದ ವರದಿಗೆ ಪ್ರಮುಖ ಸ್ಥಾನವಿತ್ತು. ಅರ್ನೆಸ್ಟ್ ಗವರ್ಸ್ ಅಧ್ಯಕ್ಷತೆಯಲ್ಲಿ 1949ರಿಂದ 1953ರವರೆಗೆ ಕೆಲಸ ಮಾಡಿದ ಆ ಆಯೋಗವು ಮಾನವೀಯತೆ, ಖಚಿತತೆ, ಸಭ್ಯತೆ ಎಂಬ ಮೂರು ಅಳತೆಗೋಲುಗಳಿಂದ ನೇಣು, ವಿದ್ಯುತ್ ಕುರ್ಚಿ ಮತ್ತು ವಿಷಾನಿಲ ಕೋಣೆಗಳನ್ನು ತೂಗಿನೋಡಿ ನೇಣಿಗಿಂತ ಉಳಿದವು ಮೇಲಲ್ಲ ಎಂದು ಹೇಳಿತ್ತು. ಮಾರಕ ಚುಚ್ಚುಮದ್ದಿನ ಬಗ್ಗೆ ಆಗಿನ ಸ್ಥಿತಿಯಲ್ಲಿ ಒಪ್ಪಿಗೆ ನೀಡದಿದ್ದರೂ ಆ ಪ್ರಶ್ನೆಯನ್ನು ಕಾಲಕಾಲಕ್ಕೆ ಮರುಪರಿಶೀಲಿಸಬೇಕೆಂದು ಸೂಚಿಸಿತ್ತು. ದೀನಾ ತೀರ್ಪು ಬರುವ ವೇಳೆಗೆ ಆ ವರದಿಗೆ ಮೂವತ್ತು ವರ್ಷ ತುಂಬಿತ್ತು. ವರದಿ ಸಿದ್ಧವಾದ ದೇಶವೇ ಕೊಲೆಗೆ ಮರಣದಂಡನೆಯನ್ನು 1965ರಲ್ಲಿ ಅಮಾನತಿನಲ್ಲಿಟ್ಟು 1969ರಲ್ಲಿ ಶಾಶ್ವತವಾಗಿ ಕೈಬಿಟ್ಟಿತ್ತು. ಭಾರತದ ಕಾರಾಗೃಹಗಳಲ್ಲಿ ನೇಣಿಗೆ ಹೋದವರ ದೇಹಗಳ ಶವಪರೀಕ್ಷೆ ಕಡ್ಡಾಯವಾಗಿರಲಿಲ್ಲ. ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿದ ತೀರ್ಪು ಪ್ರಭುತ್ವದ ಸ್ವಂತ ದಾಖಲೆಗಳನ್ನು ಆ ಮಟ್ಟದಲ್ಲಿ ಕೇಳಲಿಲ್ಲವೆಂಬುದು ಈ ಪ್ರಕರಣದ ದೊಡ್ಡ ಕೊರತೆಯೆಂದು ಹೇಳಬೇಕಾಗುತ್ತದೆ. ತತ್ತ್ವದ ದೃಷ್ಟಿಯಿಂದ ಅದು ಮುಂದಡಿ ಇಟ್ಟಿತು. ಸಾಕ್ಷ್ಯದ ದೃಷ್ಟಿಯಿಂದ ಎರವಲನ್ನು ನೆಚ್ಚಿತು. 1991ರಲ್ಲಿ ಶಶಿ ನಾಯರ್ ಪ್ರಕರಣದಲ್ಲಿ ಇದೇ ಪ್ರಶ್ನೆ ಮತ್ತೆ ಬಂದಾಗ ನ್ಯಾಯಾಲಯವು ದೀನಾ ತೀರ್ಪನ್ನೇ ಅನುಸರಿಸಿತು.

ವಿಧಾನದ ವ್ಯಾಪ್ತಿ

ವಿಧಾನವೆಂದರೆ ಹಗ್ಗ ಮತ್ತು ಹಲಗೆ ಮಾತ್ರವೆ ಎಂಬ ಪ್ರಶ್ನೆಯೂ ಇದೇ ಕಾಲದಲ್ಲಿ ರೂಪುಗೊಂಡಿತು. 1978ರ ಸುನಿಲ್ ಬಾತ್ರಾ ಪ್ರಕರಣವು ಮರಣದಂಡನೆಗೆ ಗುರಿಯಾದ ಕೈದಿಯನ್ನು ಏಕಾಂತ ಸೆರೆಯಲ್ಲಿಡುವ ಪದ್ಧತಿಗೆ ತಡೆಯೊಡ್ಡಿತು. ಎಲ್ಲ ಮೇಲ್ಮನವಿ ಮತ್ತು ಕ್ಷಮಾದಾನದ ಅವಕಾಶಗಳು ಮುಗಿಯುವವರೆಗೆ ಅವನು ಕಾನೂನಿನ ಅರ್ಥದಲ್ಲಿ ಮರಣದಂಡನೆಯ ಕೈದಿಯೇ ಅಲ್ಲವೆಂದು ನ್ಯಾಯಾಲಯ ಹೇಳಿತು. 1980ರ ದಶಕದ ಮಧ್ಯದಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಅಪರಾಧಿಯೊಬ್ಬರನ್ನು ಸಾರ್ವಜನಿಕವಾಗಿ ಗಲ್ಲಿಗೇರಿಸಬೇಕೆಂದು ಆದೇಶಿಸಿದಾಗ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ಅಪರಾಧವು ಬರ್ಬರವಾಗಿದ್ದರೂ ಸಾರ್ವಜನಿಕ ನೇಣಿನಂತಹ ಬರ್ಬರ ಶಿಕ್ಷೆಯಿಂದ ಅದಕ್ಕೆ ಉತ್ತರಿಸಬೇಕಾಗಿಲ್ಲವೆಂಬುದು ಅದರ ನಿಲುವು. 1995ರ ಪರಮಾನಂದ ಕಟಾರಾ ಪ್ರಕರಣದಲ್ಲಿ, ನೇಣಿನ ನಂತರ ದೇಹವನ್ನು ಅರ್ಧ ಗಂಟೆ ತೂಗುಬಿಡಬೇಕೆಂಬ ಪಂಜಾಬ್ ಕಾರಾಗೃಹ ಕೈಪಿಡಿಯ ನಿಯಮ ಪ್ರಶ್ನೆಗೊಳಗಾಯಿತು. ವೈದ್ಯಾಧಿಕಾರಿಯು ಸಾವನ್ನು ದೃಢಪಡಿಸಿದ ಮೇಲೆ ದೇಹವನ್ನು ತೂಗುಬಿಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಘನತೆಯ ಹಕ್ಕು ಮೃತದೇಹದವರೆಗೂ ವ್ಯಾಪಿಸುತ್ತದೆಂಬ ವಿಚಾರ ಇಲ್ಲಿ ಒಡಮೂಡಿತು.

ಈ ಸರಣಿಯಲ್ಲಿ 2014ರ ಜನವರಿ 21ರ ಶತ್ರುಘ್ನ ಚೌಹಾಣ್ ತೀರ್ಪು ಅತ್ಯಂತ ಮುಖ್ಯವಾದುದು. ಕ್ಷಮಾದಾನದ ಅರ್ಜಿಗಳ ಇತ್ಯರ್ಥದಲ್ಲಾದ ವಿಳಂಬ ಮೊದಲಾದ ಕಾರಣಗಳಿಗಾಗಿ 15 ಮಂದಿಯ ಮರಣದಂಡನೆಯನ್ನು ಈ ತೀರ್ಪು ಜೀವಾವಧಿಗೆ ಇಳಿಸಿತು. ಅರ್ಜಿ ತಿರಸ್ಕೃತವಾದ ತಿಳುವಳಿಕೆ ಮತ್ತು ಜಾರಿಯ ದಿನದ ನಡುವೆ ಕನಿಷ್ಠ 14 ದಿನಗಳ ಅಂತರವಿರಬೇಕೆಂದು ನಿರ್ದೇಶಿಸಿತು. ಬಂಧುಗಳ ಕೊನೆಯ ಭೇಟಿ, ಮಾನಸಿಕ ಸಿದ್ಧತೆ ಮತ್ತು ಉಳಿದ ಕಾನೂನು ಪರಿಹಾರಗಳಿಗೆ ಈ ಅವಧಿ ಮೀಸಲು. ಅಶೋಕನ ಮೂರು ದಿನಗಳ ಉದ್ದೇಶವೂ ಇದೇ ಆಗಿತ್ತು. ನೇಣಿನ ನಂತರ ಶವಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದು ಈ ತೀರ್ಪಿನ ಇನ್ನೊಂದು ನಿರ್ದೇಶನ. ಸಾವು ಕತ್ತಿನ ಮೂಳೆ ಕೀಲು ತಪ್ಪಿ ಬಂದಿತೆ, ಉಸಿರುಗಟ್ಟಿ ಬಂದಿತೆ ಎಂಬುದನ್ನು ತಿಳಿಯಲು ಅದು ಅಗತ್ಯವೆಂದು ನ್ಯಾಯಾಲಯ ಕಾರಣ ನೀಡಿತು. ದೀನಾ ತೀರ್ಪಿನಲ್ಲಿ ಕಾಣದಿದ್ದ ಸಾಕ್ಷ್ಯವನ್ನು ಇನ್ನು ಮುಂದಾದರೂ ಸಂಗ್ರಹಿಸಬೇಕೆಂಬ ಒಪ್ಪಿಗೆ ಇದರಲ್ಲಿ ಅಡಗಿದೆ. ಇದಾದ ನಂತರ 2015ರ ಜುಲೈನಲ್ಲಿ ನಾಗಪುರದಲ್ಲಿ ಒಬ್ಬನನ್ನು, 2020ರ ಮಾರ್ಚ್‌ನಲ್ಲಿ ದೆಹಲಿಯ ತಿಹಾರ್‌ನಲ್ಲಿ ನಾಲ್ವರನ್ನು ಗಲ್ಲಿಗೇರಿಸಲಾಯಿತು.

ಕಾಯುವಿಕೆಯೂ ದಂಡನೆಯ ಅಂಗವೆಂಬುದಕ್ಕೆ ಕರ್ನಾಟಕದ ಪ್ರಕರಣವೊಂದು ಸ್ಪಷ್ಟ ನಿದರ್ಶನವಾಗಿದೆ. ಬೆಳಗಾವಿಯ ಕಾರಾಗೃಹದಲ್ಲಿ 2006ರಿಂದ ಸುಮಾರು ಹತ್ತು ವರ್ಷಗಳ ಕಾಲ ಏಕಾಂತ ಸೆರೆಯಲ್ಲಿದ್ದ ಕೈದಿಯೊಬ್ಬನ ಮರಣದಂಡನೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ನವೆಂಬರ್ 4ರಂದು ಜೀವಾವಧಿಗೆ ಇಳಿಸಿತು. ಕಾನೂನಿನ ಆಧಾರವಿಲ್ಲದ ಈ ಏಕಾಂತ ಸೆರೆಯು ಅವನ ಮೇಲೆ ಬೀರಿದ ದುಷ್ಪರಿಣಾಮವನ್ನು ನ್ಯಾಯಾಲಯ ಪರಿಗಣಿಸಿತು. ಸುನಿಲ್ ಬಾತ್ರಾ ತೀರ್ಪು ಬಂದು ಮೂರು ದಶಕಗಳು ಕಳೆದ ಮೇಲೂ ಅದರ ಉಲ್ಲಂಘನೆ ಕಾರಾಗೃಹದ ಗೋಡೆಯೊಳಗೆ ನಡೆದೇ ಇತ್ತು.

187ನೆಯ ವರದಿ ಮತ್ತು ಪರ್ಯಾಯಗಳ ಅನುಭವ

ನ್ಯಾಯಮೂರ್ತಿ ಎಂ. ಜಗನ್ನಾಥ ರಾವ್ ಅವರ ಅಧ್ಯಕ್ಷತೆಯ ಕಾನೂನು ಆಯೋಗವು 2003ರ ಅಕ್ಟೋಬರ್‌ನಲ್ಲಿ ಸಲ್ಲಿಸಿದ 187ನೆಯ ವರದಿಯು ವಿಧಾನದ ಪ್ರಶ್ನೆಯನ್ನೇ ಪ್ರಧಾನವಾಗಿಟ್ಟುಕೊಂಡಿತು. ನೇಣಿನ ಜೊತೆಗೆ ಮಾರಕ ಚುಚ್ಚುಮದ್ದನ್ನು ಪರ್ಯಾಯವಾಗಿ ಸೇರಿಸಿ 354(5)ನೆಯ ಕಲಮನ್ನು ತಿದ್ದಬೇಕು, ಅಪರಾಧಿಯ ಮಾತನ್ನು ಕೇಳಿದ ಮೇಲೆ ನ್ಯಾಯಾಧೀಶರು ಸೂಕ್ತ ವಿಧಾನವನ್ನು ನಿರ್ಧರಿಸಬೇಕು ಎಂಬುದು ಅದರ ಶಿಫಾರಸು. ಮರಣದಂಡನೆಯ ಪ್ರಕರಣಗಳನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಆಲಿಸಬೇಕೆಂದೂ ಅದು ಹೇಳಿತು. ವಿಧಾನವನ್ನು ಕುರಿತ ಶಿಫಾರಸು ಶಾಸನರೂಪವನ್ನು ಪಡೆಯಲಿಲ್ಲ.

ಚುಚ್ಚುಮದ್ದಿನ ಮೇಲೆ ಆಯೋಗವಿಟ್ಟ ಭರವಸೆಗೆ ಅಮೆರಿಕದ ಅನುಭವವು ಮುಂದಿನ ವರ್ಷಗಳಲ್ಲಿ ಪೆಟ್ಟು ಕೊಟ್ಟಿತು. ಅಲ್ಲಿ ಪ್ರತಿಯೊಂದು ಹೊಸ ವಿಧಾನವೂ ಹಿಂದಿನದಕ್ಕಿಂತ ಮಾನವೀಯವೆಂಬ ಹೆಸರಿನಲ್ಲಿಯೇ ಬಂದಿತ್ತು. 1890ರಲ್ಲಿ ವಿದ್ಯುತ್ ಕುರ್ಚಿ, 1924ರಲ್ಲಿ ವಿಷಾನಿಲ, 1977ರಲ್ಲಿ ಓಕ್ಲಹೋಮ ರಾಜ್ಯದ ಕಾಯಿದೆಯ ಮೂಲಕ ಚುಚ್ಚುಮದ್ದು ಬಂದವು. 1982ರಲ್ಲಿ ಟೆಕ್ಸಾಸ್ ರಾಜ್ಯವು ಚುಚ್ಚುಮದ್ದನ್ನು ಮೊದಲ ಬಾರಿಗೆ ಬಳಸಿತು. ಆದರೆ ರಕ್ತನಾಳ ಸಿಗದೆ, ಔಷಧಿ ಸರಿಯಾಗಿ ಕೆಲಸ ಮಾಡದೆ ಉಂಟಾದ ವೈಫಲ್ಯಗಳು ಅದನ್ನೂ ನ್ಯಾಯಾಲಯದ ಕಟ್ಟೆ ಹತ್ತಿಸಿದವು. 2008ರ ಬೇಜ್ ಮತ್ತು 2015ರ ಗ್ಲಾಸಿಪ್ ಪ್ರಕರಣಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಚುಚ್ಚುಮದ್ದನ್ನು ಎತ್ತಿಹಿಡಿಯಿತು. ಕಡಿಮೆ ನೋವಿನ, ಕಾರ್ಯಸಾಧ್ಯವಾದ ಬೇರೊಂದು ವಿಧಾನವನ್ನು ಕೈದಿಯೇ ತೋರಿಸಿಕೊಡಬೇಕೆಂಬ ನಿಯಮ ಅಲ್ಲಿ ಗಟ್ಟಿಗೊಂಡಿತು. ರುಜುವಾತಿನ ಹೊಣೆಯನ್ನು ಪ್ರಭುತ್ವದ ಮೇಲಿಟ್ಟ ದೀನಾ ತೀರ್ಪಿಗೆ ಇದು ತದ್ವಿರುದ್ಧವಾದ ನೆಲೆ. ಔಷಧಿಗಳ ಪೂರೈಕೆಗೆ ತಯಾರಕರು ನಿರಾಕರಿಸತೊಡಗಿದ ಮೇಲೆ ಅಲಬಾಮ ರಾಜ್ಯವು 2024ರ ಜನವರಿಯಲ್ಲಿ ಸಾರಜನಕ ಅನಿಲವನ್ನು ಬಳಸಿತು. ಅದನ್ನು ನೋಡಿದ ಸಾಕ್ಷಿಗಳು ಕೈದಿಯು ಹಲವು ನಿಮಿಷ ಒದ್ದಾಡಿದುದನ್ನು ವರದಿ ಮಾಡಿದರು.

ನ್ಯಾಯಮೂರ್ತಿ ಎ. ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗವು 2015ರ ಆಗಸ್ಟ್‌ನಲ್ಲಿ ಸಲ್ಲಿಸಿದ 262ನೆಯ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧಕ್ಕೆ ಸಂಬಂಧಿಸಿದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆಯನ್ನು ರದ್ದುಗೊಳಿಸಬೇಕೆಂದು ಹೇಳಿತು. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದು ಆಯೋಗ ವಿಧಾನವನ್ನು ತಿದ್ದಲು ಹೊರಟರೆ ಇನ್ನೊಂದು ಆಯೋಗ ದಂಡನೆಯನ್ನೇ ಬಹುಮಟ್ಟಿಗೆ ಕೈಬಿಡಲು ಸೂಚಿಸಿತು.

2017ರ ಅರ್ಜಿ

ವಕೀಲರಾದ ರಿಷಿ ಮಲ್ಹೋತ್ರಾ ಅವರು 2017ರಲ್ಲಿ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು 187ನೆಯ ವರದಿಯನ್ನು ಆಧರಿಸಿ ದೀನಾ ತೀರ್ಪಿನ ಮರುಪರಿಶೀಲನೆಯನ್ನು ಕೋರಿತು. ಘನತೆಯಿಂದ ಸಾಯುವುದೂ 21ನೆಯ ಅನುಚ್ಛೇದದ ಹಕ್ಕೆಂಬುದು ಅದರ ನೆಲೆಗಟ್ಟು. 2018ರಲ್ಲಿ ಕೇಂದ್ರ ಸರ್ಕಾರವು ಸಲ್ಲಿಸಿದ ಪ್ರಮಾಣಪತ್ರವು ನೇಣೇ ಶೀಘ್ರವೂ ಸರಳವೂ ಆದ ವಿಧಾನವೆಂದೂ ಚುಚ್ಚುಮದ್ದು ಮತ್ತು ಗುಂಡು ಅದಕ್ಕಿಂತ ಕಡಿಮೆ ನೋವಿನವಲ್ಲವೆಂದೂ ವಾದಿಸಿತು. 2023ರ ಮಾರ್ಚ್ 21ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ. ಎಸ್. ನರಸಿಂಹ ಅವರ ಪೀಠವು, ನೇಣಿನಿಂದ ಸಾವು ಬರಲು ಎಷ್ಟು ಸಮಯ ಬೇಕು, ಎಷ್ಟು ನೋವಾಗುತ್ತದೆ ಎಂಬ ಬಗ್ಗೆ ಅಧ್ಯಯನದ ಆಧಾರವಿದೆಯೆ ಎಂದು ಅಟಾರ್ನಿ ಜನರಲ್ ಅವರನ್ನು ಕೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ, ತಜ್ಞರ ಸಮಿತಿಯ ರಚನೆ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತು. 1983ರ ದೀನಾ ತೀರ್ಪನ್ನು ಬರೆದ ವೈ. ವಿ. ಚಂದ್ರಚೂಡ್ ಅವರ ಪುತ್ರರೇ 2023ರಲ್ಲಿ ಈ ಪ್ರಶ್ನೆಯನ್ನು ಕೇಳಿದ ಪೀಠದ ಮುಖ್ಯಸ್ಥರಾಗಿದ್ದುದು ಕಾಕತಾಳೀಯವೇ ಸರಿ. ಆದರೆ ಆ ಪ್ರಶ್ನೆಗೆ ಸಿದ್ಧ ಉತ್ತರ ಇರದಿದ್ದುದು ಕಾಕತಾಳೀಯವಲ್ಲ. 2025ರ ಅಕ್ಟೋಬರ್‌ನಲ್ಲಿ ಬೇರೊಂದು ಪೀಠದ ಮುಂದೆ ವಿಚಾರಣೆ ನಡೆದಾಗ, ವಿಧಾನದ ಆಯ್ಕೆಯನ್ನಾದರೂ ಕೈದಿಗೆ ನೀಡಬೇಕೆಂಬ ಸಲಹೆಯನ್ನು ಸರ್ಕಾರ ಒಪ್ಪಲಿಲ್ಲ. ಕಾಲಕ್ಕೆ ತಕ್ಕಂತೆ ಬದಲಾಗಲು ಸರ್ಕಾರ ಸಿದ್ಧವಿಲ್ಲವೆಂದು ಪೀಠವು ಅಸಮಾಧಾನ ಸೂಚಿಸಿತು.

ಉಪಸಂಹಾರ

ಮೇಲಿನ ಅವಲೋಕನದಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ವಧೆಯ ವಿಧಾನದಲ್ಲಿ ಯಾತನೆಯನ್ನು ಮಿತಗೊಳಿಸಬೇಕೆಂಬ ವಿಚಾರವು ಭಾರತಕ್ಕೆ ಹೊರಗಿನಿಂದ ಬಂದುದಲ್ಲ. ಅರ್ಥಶಾಸ್ತ್ರ ಮತ್ತು ಅಶೋಕನ ಶಾಸನಗಳಲ್ಲಿ ಅದರ ಬೇರುಗಳಿವೆ. ಏಕರೂಪದ ನೇಣು ಮತ್ತು ಅದರ ಲೆಕ್ಕಾಚಾರ ವಸಾಹತು ಆಡಳಿತದ ಕೊಡುಗೆ. ಸ್ವತಂತ್ರ ಭಾರತದ ನ್ಯಾಯಾಲಯವು ಈ ವಿಧಾನವನ್ನು ಸಮರ್ಥಿಸುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸುವ ಮೂಲಕ ಅಮೆರಿಕದ ನ್ಯಾಯಾಲಯಕ್ಕಿಂತ ಉದಾರವಾದ ತತ್ತ್ವವನ್ನು ಸ್ಥಾಪಿಸಿತು. ಆದರೆ ಆ ಹೊಣೆಯನ್ನು ನಿಭಾಯಿಸಲು ಬೇಕಾದ ದಾಖಲೆಗಳನ್ನು ಸಂಗ್ರಹಿಸುವ ವ್ಯವಸ್ಥೆ 2014ರವರೆಗೆ ರೂಪುಗೊಳ್ಳಲಿಲ್ಲ. ಸ್ವಾತಂತ್ರ್ಯಾನಂತರದ ಕಾರಾಗೃಹಗಳಲ್ಲಿ ಗಲ್ಲಿಗೇರಿದವರ ಸಾವು ಹೇಗೆ ಬಂತೆಂಬುದು ಬಹುಪಾಲು ಅವರೊಡನೆಯೇ ಮಣ್ಣಾಯಿತು.

2004ರಿಂದ 2020ರವರೆಗೆ ದೇಶದಲ್ಲಿ ಗಲ್ಲಿಗೇರಿದವರು ಎಂಟು ಮಂದಿ. ಸಂಖ್ಯೆ ಚಿಕ್ಕದೆಂಬ ಕಾರಣಕ್ಕೆ ಪ್ರಶ್ನೆ ಚಿಕ್ಕದಾಗುವುದಿಲ್ಲ. ಅಧೀನ ನ್ಯಾಯಾಲಯಗಳು ಪ್ರತಿ ವರ್ಷವೂ ಮರಣದಂಡನೆಯನ್ನು ವಿಧಿಸುತ್ತಲೇ ಇವೆ; ಪ್ರತಿಯೊಂದು ತೀರ್ಪಿನ ಕೊನೆಯಲ್ಲಿಯೂ 1898ರ ಆ ವಾಕ್ಯದ ಪಡಿಯಚ್ಚು ಇರುತ್ತದೆ. ‘ಶುದ್ಧ’ವಾದ ವಧೆ ಎಂಬುದೊಂದು ಇದೆಯೆಂದು ಕಾನೂನು ನಂಬುವುದಾದರೆ, ಅದನ್ನು ತೋರಿಸಿಕೊಡುವ ಹೊಣೆ ದೀನಾ ತೀರ್ಪಿನ ಪ್ರಕಾರ ಪ್ರಭುತ್ವದ್ದು. ಕಡ್ಡಾಯ ಶವಪರೀಕ್ಷೆಯ ವರದಿಗಳು, ಕಾರಾಗೃಹಗಳ ಹಳೆಯ ದಫ್ತರಗಳು ಮತ್ತು ಕ್ಷಮಾದಾನದ ಕಡತಗಳು ಸಂಶೋಧಕರಿಗೆ ತೆರೆದುಕೊಂಡಾಗ ಮಾತ್ರ ಅದು ಸಾಧ್ಯವೆ, ಇಲ್ಲವೆ ಎಂಬುದನ್ನು ನಿರ್ಣಯಿಸಲು ಬರುತ್ತದೆ. ಸಾಧ್ಯವಿಲ್ಲವೆಂದು ಕಂಡುಬಂದಲ್ಲಿ, ವಿಧಾನದ ಪ್ರಶ್ನೆಯಾಗಿ ಆರಂಭವಾದ ಚರ್ಚೆಯು ದಂಡನೆಯ ಪ್ರಶ್ನೆಯಾಗಿಯೇ ಮುಗಿಯಬೇಕಾಗುತ್ತದೆ.